ಬಿಸಿ ಕೈಯವಳ ದೂರು

ನನ್ನ ತಂಗಿ ತಾರಿಣಿಯ ಫೋಟೊ ಪೇಪರಿನಲ್ಲಿ ಬಂದ ದಿನ ಅಮ್ಮ ಮಂಡಿನೋವಿಗೆ ಬಿಸಿನೀರಿನ ಚೀಲ ತುಂಬಿಸುತ್ತಿರಲಿಲ್ಲ. ಕಾಲು ಚಾಚಿ ಕೂತು ನನ್ನನ್ನು ಕರೆಯುತ್ತಿದ್ದಳು. "ಕುಸುಮಾ, ಸ್ವಲ್ಪ ಹೊತ್ತು ಇಲ್ಲಿ ಕೈ ಇಡೇ. ಹೇಗಿದ್ರೂ ಕಾದಿರುತ್ತಲ್ಲ." ಅದರಲ್ಲಿ ಕೊಂಕು ಇರಲಿಲ್ಲ. ನಾನು ಕೈ ಇಡುತ್ತಿದ್ದೆ. ಅಮ್ಮ ಕಣ್ಣು ಮುಚ್ಚಿಕೊಂಡು "ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ" ಅನ್ನುತ್ತಿದ್ದಳು.

ನಮ್ಮೂರಿನಲ್ಲಿ ಹೊಟ್ಟೆಕಿಚ್ಚು ಬಂದವರ ಅಂಗೈ ಕಾಯುತ್ತದೆ. ಹಾಗಾಗಿ ಮದುವೆಮನೆಗಳಲ್ಲಿ ಕೈಕುಲುಕುವ ರೂಢಿಯಿಲ್ಲ. ಮದುಮಗಳ ಓರಗೆಯ ಹುಡುಗಿಯರ ಕೈಗೆ ಹೂವಿನ ಬುಟ್ಟಿ ಕೊಡುವುದಿಲ್ಲ, ಮಲ್ಲಿಗೆ ಬಾಡುತ್ತದೆ. ಹಾಲಿಗೆ ಹೆಪ್ಪು ಹಾಕುವ ಸೊಸೆ ಯಾರೆಂಬುದನ್ನು ಅತ್ತೆಯಂದಿರು ಕೈ ಮುಟ್ಟಿ ನೋಡಿ ತೀರ್ಮಾನಿಸುತ್ತಾರೆ. ಚಳಿಗಾಲ ಬಂತೆಂದರೆ ಕಚೇರಿಗಳಲ್ಲಿ ಬಡ್ತಿ ತಪ್ಪಿದವನ ಪಕ್ಕದ ಕುರ್ಚಿಗೆ ಪೈಪೋಟಿ. ಯಾರಾದರೂ ಇನ್ನೊಬ್ಬರ ಮೇಲೆ ದೂರು ಹೇಳಬೇಕಾದರೆ ಸಭೆಯ ಮುಂದೆ ಅಂಗೈಯಲ್ಲಿ ಒಂದು ಉಂಡೆ ಬೆಣ್ಣೆ ಇಟ್ಟುಕೊಂಡು ಹೇಳಬೇಕು. ಮಾತು ಮುಗಿಯುವುದರೊಳಗೆ ಬೆಣ್ಣೆ ಕರಗಿದರೆ ದೂರು ಬಿದ್ದುಹೋದಂತೆ. ಊರು ಚಿಕ್ಕದಿದ್ದಾಗಿನ ನಿಯಮ ಅದು. ಆಮೇಲೆ ಊರು ಬೆಳೆಯಿತು, ವಿಮಾನ ನಿಲ್ದಾಣ ಬಂತು, ಬೆಳಗಿನಿಂದ ಸಂಜೆಯವರೆಗೆ ವಿಮಾನಗಳು ಸಾಲುಗಟ್ಟಿ ಇಳಿಯತೊಡಗಿದವು. ನಿಯಮ ಮಾತ್ರ ಹಾಗೆಯೇ ಉಳಿಯಿತು. ನಿಲ್ದಾಣದ ಸಭಾಂಗಣದ ಫ್ರಿಜ್ಜಿನಲ್ಲಿ ಯಾವಾಗಲೂ ಬೆಣ್ಣೆ ಇರುತ್ತದೆ.

ಆ ನಿಲ್ದಾಣದ ಅಗ್ನಿಶಾಮಕ ಠಾಣೆಗೆ ನಾನು ಮುಖ್ಯಸ್ಥೆ. ಆದರೆ ಆಗಬೇಕೆಂದುಕೊಂಡಿದ್ದು ಪೈಲಟ್. ಇಬ್ಬರೂ ಅಂದುಕೊಂಡಿದ್ದೆವು. ದೊಡ್ಡವಳಾದ್ದರಿಂದ ಹಾರಾಟದ ಶಾಲೆಗೆ ಮೊದಲು ಸೇರಿದವಳು ನಾನು, ಒಂಟಿಯಾಗಿ ವಿಮಾನ ಹಾರಿಸಿದವಳೂ ಮೊದಲು ನಾನೇ. ಅದಾದ ಕೆಲವೇ ವಾರಗಳಲ್ಲಿ ಬಲಗಿವಿಯೊಳಗೆ ಸೂಜಿ ಚುಚ್ಚಿದಂತಾಗಿ ರಕ್ತ ಬಂತು. ಕಿವಿಯ ಡಾಕ್ಟರು ಟಾರ್ಚು ಆರಿಸಿ, "ಭೂಮಿ ಮೇಲೆ ಬೇಕಾದಷ್ಟು ಕೆಲಸ ಇದೆಯಮ್ಮ" ಅಂದರು. ನನ್ನ ಸಮವಸ್ತ್ರವನ್ನು ಅಮ್ಮ ಸೊಂಟದ ಹತ್ತಿರ ಹಿಡಿಸಿ ತಾರಿಣಿಗೆ ಕೊಟ್ಟಳು. ಅವಳು ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ನಾನು ಬಚ್ಚಲಿಗೆ ಹೋಗಿ ಎರಡೂ ಕೈಗಳನ್ನು ಹಂಡೆಯ ತಣ್ಣೀರಿನಲ್ಲಿ ಅದ್ದಿ ನಿಂತಿದ್ದೆ. ಅವಳು ಚೆನ್ನಾಗಿ ಹಾರಿಸಿದಳು. ನನಗಿಂತ ಚೆನ್ನಾಗಿ. ಅದನ್ನು ಯಾರೂ ನನಗೆ ಹೇಳಬೇಕಾಗಿರಲಿಲ್ಲ. ವಿಮಾನ ನೆಲ ಮುಟ್ಟುವ ರೀತಿ ನೋಡಿದರೆ ತಿಳಿಯುತ್ತದೆ, ಅವಳು ಇಳಿಸಿದ ವಿಮಾನ ಬೆಕ್ಕು ಗೋಡೆಯಿಂದ ಇಳಿದಂತೆ ಇಳಿಯುತ್ತಿತ್ತು.

ಕೆಲವು ವರ್ಷ ಅವಳು ಪ್ರಯಾಣಿಕರ ವಿಮಾನ ನಡೆಸಿದಳು. ಅಷ್ಟು ಹೊತ್ತಿಗೆ ನನಗೂ ಅಭ್ಯಾಸವಾಗಿತ್ತು. ಕೈ ಬೆಚ್ಚಗಿರುತ್ತಿತ್ತು, ಅಷ್ಟೇ. ಆಗ ಹಂಚಿನ ಕಾರ್ಖಾನೆಯ ಜಿನಚಂದ್ರಪ್ಪನವರು ವಾಯುಪಡೆಯಿಂದ ನಿವೃತ್ತಿಯಾದ ಒಂದು ಹಳೆಯ ಜೆಟ್ ವಿಮಾನವನ್ನು ಕೊಂಡು ತಂದರು. ಒಂದರ ಹಿಂದೊಂದು ಎರಡು ಸೀಟುಗಳ, ಸಣ್ಣ ರೆಕ್ಕೆಯ ವಿಮಾನ. ಅದಕ್ಕೆ ತಮ್ಮ ಹಂಚಿನ ಕೆಂಪು ಬಣ್ಣವನ್ನೇ ಬಳಿಸಿದರು. ಹಾರಿಸಲು ತಾರಿಣಿಯನ್ನು ಕರೆದರು. ಅವಳು ಕೆಲಸ ಬಿಟ್ಟು ಹೋದಳು. ಜೆಟ್ಟು ಊರ ಮೇಲೆ ತಲೆಕೆಳಗಾಗಿ ಹಾರಿದ ದಿನ ಶಾಲೆಗಳಿಗೆ ರಜೆ ಕೊಟ್ಟರು. ಮಾರ್ಕೆಟ್ಟಿನಲ್ಲಿ ತರಕಾರಿಯವಳು ನನಗೆ ಒಂದು ಕಟ್ಟು ಕೊತ್ತಂಬರಿ ಜಾಸ್ತಿ ಹಾಕಿ, "ತಾರಿಣಮ್ಮನ ಅಕ್ಕ ಅಲ್ವಾ ನೀವು?" ಅಂದಳು. ಮನೆಗೆ ಬರುವಷ್ಟರಲ್ಲಿ ಆ ಕೊತ್ತಂಬರಿ ನನ್ನ ಕೈಯಲ್ಲಿ ಬೆಂದಂತಾಗಿತ್ತು.

ಇಷ್ಟೇ ಆಗಿದ್ದರೆ ಹೇಳುವ ಅಗತ್ಯವಿರಲಿಲ್ಲ. ಆ ವಿಮಾನವನ್ನು ಹತ್ತಿರದಿಂದ ನೋಡಿದಾಗ ಠಾಣೆಯ ಮುಖ್ಯಸ್ಥೆಯಾಗಿ ನನಗೆ ನಿಜವಾಗಿಯೂ ಭಯವಾಯಿತು. ಅದು ಸೈನ್ಯದವರ ಕೈಯಲ್ಲಿ ಇರಬೇಕಾದ ವಸ್ತು. ಅದರ ಸೀಟಿನ ಕೆಳಗೆ ಮದ್ದು ತುಂಬಿದೆ. ಆಪತ್ತಿನಲ್ಲಿ ಹಿಡಿ ಎಳೆದರೆ ಸೀಟು ಪೈಲಟನ್ನು ಹೊತ್ತು ಬಾಣದಂತೆ ಮೇಲಕ್ಕೆ ಚಿಮ್ಮುತ್ತದೆ. ನೆಲದ ಮೇಲೆ ಅಪಘಾತವಾಗಿ, ಗೊತ್ತಿಲ್ಲದ ನಮ್ಮ ಹುಡುಗರು ಪೈಲಟನ್ನು ಎಳೆಯಹೋಗಿ ಅದನ್ನೇ ಎಳೆದರೆ, ಎಳೆದವರೂ ಉಳಿಯುವುದಿಲ್ಲ. ಎರಡನೆಯದಾಗಿ, ಅದು ಇಂಧನ ಕುಡಿಯುವ ವೇಗಕ್ಕೆ ಆಕಾಶದಲ್ಲಿ ಸರದಿ ಕಾಯುವ ತಾಳ್ಮೆ ಅದಕ್ಕಿಲ್ಲ. ಸಾಲಿನಲ್ಲಿ ಮುಂದಿನ ವಿಮಾನ ಸ್ವಲ್ಪ ತಡ ಮಾಡಿದರೂ ಇದಕ್ಕೆ ಕಷ್ಟ. ವಾಯುಪಡೆಯ ನೆಲೆಗಳಲ್ಲಿ ರನ್‌ವೇಯ ತುದಿಗೆ ಇಂಥವನ್ನು ಹಿಡಿಯಲು ಬಲೆ ಕಟ್ಟಿರುತ್ತಾರೆ. ನಮ್ಮಲ್ಲಿ ತುದಿಗೆ ಹುಲ್ಲು, ಹುಲ್ಲಿನಾಚೆ ಬೇಲಿ, ಬೇಲಿಯಾಚೆ ಬಸ್ ಸ್ಟಾಪು.

ಇವೆಲ್ಲ ಹೌದು. ಆದರೆ ಹ್ಯಾಂಗರಿನ ಬಾಗಿಲಲ್ಲಿ ನಿಂತು ಇದನ್ನೆಲ್ಲ ಯೋಚಿಸುವಾಗ ನನ್ನ ಕೈ ಕೆಂಡದಂತಿತ್ತು. ಭಯ ಎಷ್ಟು, ಇನ್ನೊಂದು ಎಷ್ಟು ಎಂದು ಬೇರೆ ಮಾಡಿ ನೋಡಲು ನನಗೇ ಆಗಲಿಲ್ಲ.

ಆದರೂ ದೂರು ಕೊಟ್ಟೆ. ನಿಲ್ದಾಣದ ನಿರ್ದೇಶಕರಾದ ವಾಮನರಾಯರು ಸಭೆ ಕರೆದರು. ಒಂದು ಕಡೆ ಜಿನಚಂದ್ರಪ್ಪನವರು ಕೂತಿದ್ದರು, ಅವರ ಪಕ್ಕ ತಾರಿಣಿ. ಜವಾನ ಫ್ರಿಜ್ಜಿನಿಂದ ಬೆಣ್ಣೆ ತಂದು ನನ್ನ ಅಂಗೈಯಲ್ಲಿಟ್ಟ. ನಾನು ಬೇಗ ಬೇಗ ಮಾತಾಡಿದೆ. ಸೀಟಿನ ಮದ್ದಿನ ವಿಷಯ ಬರುವಷ್ಟರಲ್ಲಿ ಬೆಣ್ಣೆ ಬೆರಳ ಸಂದಿಯಿಂದ ಇಳಿಯುತ್ತಿತ್ತು. ಬಲೆಯ ವಿಷಯಕ್ಕೆ ಬರುವಷ್ಟರಲ್ಲಿ ಮೊಣಕೈ ತಲುಪಿತ್ತು. ಇಂಧನದ ವಿಷಯ ನಾನು ಹೇಳಲೇ ಇಲ್ಲ.

ವಾಮನರಾಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸಾಕು ಬಿಡಿ ಕುಸುಮಾಕ್ಷಿ. ನೀವು ಒಳ್ಳೆ ಕೆಲಸಗಾರರು. ಇದನ್ನ ಇಲ್ಲಿಗೇ ಬಿಡೋಣ."

"ಸರ್, ಕೈ ಬಿಸಿ ಇರೋದಕ್ಕೂ ಸೀಟಿನ ಕೆಳಗೆ ಮದ್ದು ಇರೋದಕ್ಕೂ ಏನು ಸಂಬಂಧ?"

"ಸಂಬಂಧ ಇದೆಯೋ ಇಲ್ಲವೋ ನಾನು ಹೇಗೆ ಹೇಳ್ಲಿ? ಅದಕ್ಕೇ ಅಲ್ವಾ ಬೆಣ್ಣೆ ಇಡೋದು."

ಜಿನಚಂದ್ರಪ್ಪನವರು ಎದ್ದು ಬಂದು ತಮ್ಮ ಕರವಸ್ತ್ರ ಕೊಟ್ಟರು. "ಒರೆಸಿಕೊಳ್ಳಿ ತಾಯಿ. ನನಗೇನೂ ಬೇಜಾರಿಲ್ಲ. ಒಡಹುಟ್ಟಿದವರಲ್ಲಿ ಇರೋದೇ." ಅವರು ಕೆಟ್ಟವರಲ್ಲ. ಆ ಕರವಸ್ತ್ರ ಬೈಗುಳಕ್ಕಿಂತ ಹೆಚ್ಚು ಸುಟ್ಟಿತು. ತಾರಿಣಿ ತಲೆ ಎತ್ತಲಿಲ್ಲ. ತನ್ನ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತಿದ್ದಳು.

ನಮ್ಮ ಬೆಂಕಿ ಗಾಡಿಯ ಚಾಲಕ ದ್ಯಾವಣ್ಣನ ಕೈ ಕುಂಬಳಕಾಯಿಯಷ್ಟು ತಣ್ಣಗಿರುತ್ತದೆ. ಜಗತ್ತಿನಲ್ಲಿ ಯಾರ ಬಗ್ಗೆಯೂ ಅವನಿಗೆ ಅಸೂಯೆಯಿಲ್ಲ. ಮರುದಿನ ಅವನೇ ವಾಮನರಾಯರ ಹತ್ತಿರ ಹೋಗಿ ಇವೇ ಮಾತುಗಳನ್ನು ಹೇಳಿದ. ಅವರು ಸಮಾಧಾನವಾಗಿ ಕೇಳಿದರಂತೆ. ಕೊನೆಗೆ "ಇದನ್ನೆಲ್ಲ ನಿಮಗೆ ಹೇಳಿದ್ದು ಯಾರು?" ಅಂದರಂತೆ. ದ್ಯಾವಣ್ಣನಿಗೆ ಸುಳ್ಳು ಬರುವುದಿಲ್ಲ. ವಾಪಸು ಬಂದು ನನ್ನ ಮುಂದೆ ತಲೆ ಕೆರೆದುಕೊಂಡು ನಿಂತ.

ಉಳಿದದ್ದು ಒಂದೇ ದಾರಿ. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಲು ನನಗೆ ಕೆಲವು ದಿನ ಬೇಕಾದವು. ಒಂದು ಮಧ್ಯಾಹ್ನ ಹ್ಯಾಂಗರಿಗೆ ಹೋದೆ. ತಾರಿಣಿ ಏಣಿ ಹತ್ತಿ ನಿಂತು ಕಾಕ್‌ಪಿಟ್ಟಿನ ಮೇಲಿನ ಗಾಜು ಒರೆಸುತ್ತಿದ್ದಳು.

"ಸೀಟನ್ನ ಹೇಗೆ ಭದ್ರ ಮಾಡೋದು ಅಂತ ನನಗೆ ತೋರಿಸು" ಅಂದೆ.

ಅವಳು ಒರೆಸುವುದನ್ನು ನಿಲ್ಲಿಸಿದಳು. "ಕೂತು ನೋಡಬೇಕು ಅನ್ನಿಸಿದ್ರೆ ಹಾಗಂತ ಕೇಳಕ್ಕ. ನಾನು ಬೇಡ ಅಂತೀನಾ?"

"ನನಗೆ ಕೂರೋದು ಬೇಡ. ನಿನ್ನ ಹೊರಗೆ ತೆಗೆಯೋದು ಹೇಗೆ ಅಂತ ಗೊತ್ತಾಗ್ಬೇಕು."

"ಕೂರದೆ ಅದು ಗೊತ್ತಾಗಲ್ಲ" ಅಂದಳು.

ಕೂತೆ. ಸೀಟು ಗಟ್ಟಿಯಾಗಿತ್ತು, ಇಕ್ಕಟ್ಟಾಗಿತ್ತು, ಹಳೆಯ ಚರ್ಮದ ವಾಸನೆ ಬರುತ್ತಿತ್ತು. ಎದುರಿಗೆ ಗಡಿಯಾರಗಳಂತೆ ಮುಳ್ಳುಗಳು. ಬಲಗೈ ತಾನಾಗಿಯೇ ಹೋಗಿ ವಿಮಾನ ತಿರುಗಿಸುವ ಕೋಲನ್ನು ಹಿಡಿಯಿತು. ಇಷ್ಟು ವರ್ಷವಾದ ಮೇಲೂ ಆ ಕೈಗೆ ದಾರಿ ಗೊತ್ತಿತ್ತು. ತಾರಿಣಿ ಏಣಿಯ ಮೇಲಿಂದ ಬಾಗಿ ತೋರಿಸಿದಳು. ತೊಡೆಗಳ ನಡುವೆ ಹಳದಿ ಕಪ್ಪು ಪಟ್ಟೆಯ ಹಿಡಿ, ಅದನ್ನು ಎಳೆದರೆ ಸೀಟು ಹಾರುತ್ತದೆ. ಅದರ ಬುಡದಲ್ಲಿ ಒಂದು ತೂತು, ತಲೆಯ ಹಿಂದೆ ಇನ್ನೊಂದು. ಎರಡಕ್ಕೂ ಕೆಂಪು ರಿಬ್ಬನ್ ಕಟ್ಟಿದ ಪಿನ್ನುಗಳಿವೆ, ಅವು ಒಳಗಿದ್ದರೆ ಸೀಟು ಹಾರದು; ಹಾರುವ ಮುನ್ನ ತೆಗೆದು ಎಡಗಡೆಯ ಚೀಲದಲ್ಲಿಡುತ್ತಾರೆ. ಮೇಲಿನ ಗಾಜನ್ನು ಹೊರಗಿನಿಂದ ತೆಗೆಯಲು ಮೂತಿಯ ಪಕ್ಕದಲ್ಲಿ ಮಡಚಿದ ಒಂದು ಹಿಡಿ ಇದೆ. ಗಾಜನ್ನು ಮಾತ್ರ ಒಡೆಯಕೂಡದು, ಅದರ ಅಂಚಿನಲ್ಲೂ ಮದ್ದಿದೆ. ಅವಳು ಮೇಷ್ಟರಂತೆ ಹೇಳಿಕೊಟ್ಟಳು, ನಾನು ದಡ್ಡ ಹುಡುಗಿಯಂತೆ ಒಪ್ಪಿಸಿದೆ. ಸೈಕಲ್ಲನ್ನೂ ಗಾಳಿಪಟವನ್ನೂ ಅವಳಿಗೆ ಕಲಿಸಿದವಳು ನಾನು. ಈಗ ಕಲಿಯುವ ಕುರ್ಚಿಯಲ್ಲಿ ನಾನು, ಕಲಿಸುವ ಏಣಿಯ ಮೇಲೆ ಅವಳು. ಪಿನ್ನು ಹಿಡಿದರೆ ಲೋಹ ನನ್ನ ಕೈಗೇ ಸುಡುತ್ತಿತ್ತು.

ಕಾಲು ಚಾಚಿ ಎಡಗಡೆಯ ಪೆಡಲ್ ಒತ್ತಿದೆ. ಅವಳು ಥಟ್ಟನೆ, "ಅದನ್ನ ಮುಟ್ಬೇಡ" ಅಂದಳು. ದನಿಯಲ್ಲಿ ಏನೋ ಇತ್ತು. ತನ್ನ ವಸ್ತುವನ್ನು ನಾನು ಮುಟ್ಟಿದ್ದು ಅವಳಿಗೆ ಹಿಡಿಸಲಿಲ್ಲ ಅಂದುಕೊಂಡು ಇಳಿದು ಬಂದೆ. ಕಲಿತದ್ದನ್ನು ನಮ್ಮ ಹುಡುಗರಿಗೆಲ್ಲ ಹೇಳಿಕೊಟ್ಟೆ. ಮೇಡಂಗೆ ತಂಗಿ ಮೇಲಿನ ಕಿಚ್ಚು ಇನ್ನೂ ಆರಿಲ್ಲ ಎಂದು ಅವರು ಒಳಗೊಳಗೇ ನಕ್ಕಿರಬಹುದು.

ಅದು ನಡೆದದ್ದು ಬೇಸಿಗೆ ರಜೆ ಶುರುವಾದ ವಾರ. ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ನದಿಯ ದಂಡೆಯಲ್ಲಿ ಯಾವುದೋ ಉದ್ಘಾಟನೆಗೆ ಪ್ರದರ್ಶನ ಕೊಟ್ಟು ತಾರಿಣಿ ಒಬ್ಬಳೇ ವಾಪಸು ಬರುತ್ತಿದ್ದಳು. ಅಷ್ಟರಲ್ಲಿ, ಆಗತಾನೇ ಇಳಿದ ಪ್ರಯಾಣಿಕರ ವಿಮಾನವೊಂದು ಚಕ್ರ ಕೆಟ್ಟು ರನ್‌ವೇಯ ಮಧ್ಯದಲ್ಲೇ ನಿಂತಿತು. ಅದನ್ನು ಎಳೆದು ಪಕ್ಕಕ್ಕೆ ಹಾಕುವವರೆಗೂ ಮೇಲಿನವರೆಲ್ಲ ಸುತ್ತು ಹೊಡೆಯಬೇಕು. ಠಾಣೆಯ ರೇಡಿಯೊದಲ್ಲಿ ಟವರಿನವರ ಮಾತು, ತಾರಿಣಿಯ ಮಾತು ಎರಡೂ ಕೇಳಿಸುತ್ತಿದ್ದವು.

"ಇನ್ನೊಂದು ಸುತ್ತು ಬನ್ನಿ" ಅಂದರು ಟವರಿನವರು.

ತಾರಿಣಿ ಸುತ್ತು ಬಂದಳು. ಮತ್ತೆ ಅದೇ ಮಾತು ಬಂತು. ಆಗ ಅವಳು, ಅಡುಗೆಮನೆಯಲ್ಲಿ ಸಕ್ಕರೆ ಮುಗಿದಿದೆ ಅನ್ನುವ ದನಿಯಲ್ಲಿ, "ಇನ್ನೊಂದು ಸುತ್ತಿಗೆ ಇಂಧನ ಇಲ್ಲ. ಇಳೀತಿದ್ದೀನಿ. ದಾರಿ ಬಿಡಿಸಿ" ಅಂದಳು.

ನಾವು ಗಾಡಿ ಹತ್ತಿದೆವು. ಕೆಟ್ಟ ವಿಮಾನವನ್ನು ಆಗಷ್ಟೇ ಎಳೆದು ರನ್‌ವೇಯ ಬಲ ಅಂಚಿನಾಚೆ ನಿಲ್ಲಿಸಿದ್ದರು. ಜನ ಇನ್ನೂ ಅದರೊಳಗೇ ಇದ್ದರು, ಕಿಟಕಿಗಳಲ್ಲಿ ಮುಖಗಳು ಕಾಣುತ್ತಿದ್ದವು. ಕೆಂಪು ಜೆಟ್ಟು ದೂರದಲ್ಲಿ ಚುಕ್ಕಿಯಂತೆ ಕಂಡು, ಕಣ್ಣು ಮಿಟುಕಿಸುವಷ್ಟರಲ್ಲಿ ದೊಡ್ಡದಾಗಿ, ನೆಲ ಮುಟ್ಟಿತು. ಅಷ್ಟು ಅವಸರದಲ್ಲೂ ಬೆಕ್ಕಿನಂತೆಯೇ ಮುಟ್ಟಿತು. ಆ ಕ್ಷಣದಲ್ಲೂ ಅದು ನನ್ನ ಕಣ್ಣಿಗೆ ಬಿತ್ತು. ಆಮೇಲೆ ಅದರ ಮೂತಿ ಒಮ್ಮೆ ಬಲಕ್ಕೆ, ಆ ಕಿಟಕಿಗಳ ಕಡೆಗೆ ಸೆಳೆಯಿತು. ಮರುಕ್ಷಣ ನೇರವಾಯಿತು. ವೇಗ ಮಾತ್ರ ಇಳಿಯಲಿಲ್ಲ. ಅವಳು ಬ್ರೇಕ್ ಹಾಕುತ್ತಿಲ್ಲ ಎಂದು ನನಗೆ ಅರ್ಥವಾಯಿತು, ಯಾಕೆಂದು ಅರ್ಥವಾಗಲಿಲ್ಲ. ಜೆಟ್ಟು ನಮ್ಮ ಮುಂದೆಯೇ ಹಾದು, ರನ್‌ವೇ ಮುಗಿಸಿ, ಹುಲ್ಲಿಗೆ ಇಳಿದು, ಚರಂಡಿ ಹಾರಿ, ಮುಂಚಕ್ರ ಮುರಿದು ಮೂತಿ ನೆಲಕ್ಕೆ ಊರಿ ನಿಂತಿತು. ಬೇಲಿಯ ಆಚೆ ಬಸ್ಸಿಗೆ ಕಾಯುತ್ತಿದ್ದವರು ಓಡುವುದನ್ನೂ ಮರೆತು ನೋಡುತ್ತಿದ್ದರು.

ಹೊಟ್ಟೆಯ ಕೆಳಗಿಂದ ಹೊಗೆ ಬರುತ್ತಿತ್ತು, ಸಣ್ಣಗೆ ಉರಿಯೂ ಇತ್ತು. ಹುಡುಗರು ನೊರೆ ಸುರಿಯತೊಡಗಿದರು. ದ್ಯಾವಣ್ಣ ಕೊಡಲಿ ಎತ್ತಿಕೊಂಡು ರೆಕ್ಕೆ ಹತ್ತಿದ. ಅವನಿಗೂ ಹೇಳಿಕೊಟ್ಟಿದ್ದೆ, ಆದರೆ ಹೊಗೆಯೊಳಗೆ ಮನುಷ್ಯರಿದ್ದಾಗ ಕೈ ತನಗೆ ಗೊತ್ತಿದ್ದದ್ದನ್ನೇ ಮಾಡುತ್ತದೆ. "ದ್ಯಾವಣ್ಣ, ಗಾಜು ಒಡೀಬೇಡ" ಎಂದು ಕೂಗಿ ಅವನ ತೋಳು ಹಿಡಿದೆ. ಮೂತಿಯ ಪಕ್ಕದ ಹಿಡಿ ಅರ್ಧ ಮಣ್ಣಿನಲ್ಲಿ ಹೂತಿತ್ತು. ಇಬ್ಬರೂ ಕೆದಕಿ, ತಿರುಗಿಸಿ, ಗಾಜಿನ ಮುಚ್ಚಳ ಎತ್ತಿದೆವು.

ತಾರಿಣಿಯ ತಲೆ ಒಂದು ಕಡೆಗೆ ವಾಲಿತ್ತು. ಕಣ್ಣು ತೆರೆದಿದ್ದರೂ ನೋಡುತ್ತಿರಲಿಲ್ಲ. ಅವಳ ಎರಡೂ ಕೈಗಳು ತೊಡೆಗಳ ನಡುವಿನ ಹಳದಿ ಕಪ್ಪು ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದವು. ಹಾರಿ ಉಳಿಯಬೇಕೆಂದು ಹಿಡಿದಿದ್ದಾಳೆ, ಬಸ್ ಸ್ಟಾಪು ಕಂಡು ಎಳೆಯದೆ ಬಿಟ್ಟಿದ್ದಾಳೆ. ಈಗ ಒಂದು ಬಿಕ್ಕಳಿಕೆ ಬಂದರೂ ಸಾಕು, ಅವಳ ಮೇಲೆ ಬಾಗಿದ ನಾನೂ ಅವಳೂ ಇರುವುದಿಲ್ಲ.

"ತಾರಿ, ಕೈ ಬಿಡು."

ಅವಳು ಬಿಡಲಿಲ್ಲ. ಚೀಲದಿಂದ ಪಿನ್ನು ತೆಗೆದೆ. ಹಿಡಿಯ ಬುಡದ ತೂತು ಅವಳ ಬೆರಳುಗಳ ಕೆಳಗೇ ಇತ್ತು. "ತಾರಿ, ನಾನು ಕಣೇ. ಬಿಡು, ನಾನಿದ್ದೀನಿ" ಎನ್ನುತ್ತ ಒಂದೊಂದೇ ಬೆರಳನ್ನು ಬಿಡಿಸಿದೆ. ಪಿನ್ನು ಒಳಗೆ ಹೋದ ಸದ್ದು ಕೇಳಿಸಿತು. ತಲೆಯ ಹಿಂದಿನದನ್ನೂ ಹಾಕಿದೆ. ಪಟ್ಟಿ ಬಿಚ್ಚಿ ದ್ಯಾವಣ್ಣನೂ ನಾನೂ ಅವಳನ್ನು ಎತ್ತಿಕೊಂಡು ಹುಲ್ಲಿನಲ್ಲಿ ಓಡಿದೆವು. ಆ ಹೊತ್ತಿನಲ್ಲಿ ನನ್ನ ಕೈ ಬಿಸಿಯಿತ್ತೋ ತಣ್ಣಗಿತ್ತೋ ಎಂದು ಆಮೇಲೆ ಊರಿನಲ್ಲಿ ಬಹಳ ಜನ ಕೇಳಿದರು. ನಾನು ಕೈಗವಸು ಹಾಕಿದ್ದೆ. ನನಗೆ ಗೊತ್ತಿಲ್ಲ.

ಭುಜದ ಮೂಳೆ ಮುರಿದದ್ದು ಬಿಟ್ಟರೆ ಅವಳಿಗೆ ಹೆಚ್ಚೇನೂ ಆಗಿರಲಿಲ್ಲ. ಆಸ್ಪತ್ರೆಗೆ ಹೋದಾಗ ಅಮ್ಮ ಕಿತ್ತಳೆ ಬಿಡಿಸಿ ಅವಳ ಬಾಯಿಗೆ ಇಡುತ್ತಿದ್ದಳು. ನನ್ನನ್ನು ಕಂಡು ಸಿಪ್ಪೆ ಎಸೆಯುವ ನೆಪದಲ್ಲಿ ಹೊರಗೆ ಹೋದಳು. ತಾರಿಣಿ ಚಾವಣಿ ನೋಡುತ್ತ ಮಲಗಿದ್ದಳು.

"ಎಡಗಡೆ ಬ್ರೇಕು ಹೋಗಿತ್ತು" ಅಂದಳು. "ಬಲಗಡೇದು ಒಂದೇ ಒತ್ತಿದ್ರೆ ವಿಮಾನ ಬಲಕ್ಕೆ ತಿರುಗುತ್ತೆ. ಬಲಕ್ಕೆ ಜನ ಇದ್ರು. ಅದಕ್ಕೇ ಎರಡೂ ಬಿಟ್ಟುಬಿಟ್ಟೆ."

"ಅವತ್ತೇ ಹೋಯ್ತಾ?"

"ಇಲ್ಲ. ಮುಂಚಿನಿಂದಲೇ ಮೆತ್ತಗಿತ್ತು. ನೀನು ಆ ಪೆಡಲ್ ಮೇಲೆ ಕಾಲಿಟ್ಟೆಯಲ್ಲ ಅವತ್ತು, ಆಗಲೂ."

ನಾನು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡೆ.

"ಜಿನಚಂದ್ರಪ್ಪನೋರಿಗೆ ಹೇಳಿದ್ದೆ. ಇಂಥ ವಿಮಾನದ ಸಾಮಾನು ಈಗ ಎಲ್ಲೂ ಸಿಗಲ್ಲ, ಹುಡುಕಿಸ್ತಿದ್ದೀನಿ, ಅಲ್ಲೀತನಕ ಹುಷಾರಾಗಿ ಹಾರಿಸು ಅಂದ್ರು. ನಿನಗೆ ಹೇಳಿದ್ರೆ ನೀನು ಅವತ್ತೇ ನಿಲ್ಲಿಸ್ತಿದ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅವಳು ನನ್ನ ಕಡೆ ತಿರುಗಿದಳು. "ನಿನಗೆ ಖುಷಿ ಆಗ್ತಿತ್ತು ಅಕ್ಕ."

ಇಲ್ಲ ಅನ್ನುವಂತಿರಲಿಲ್ಲ, ಆಗುತ್ತಿತ್ತು. ಅವಳ ಜೀವ ಉಳಿಯಿತೆಂಬುದಕ್ಕಿಂತ ಮೊದಲು, ಒಂದು ಕ್ಷಣವಾದರೂ, ಆ ಕೆಂಪು ವಿಮಾನ ನೆಲದಲ್ಲಿ ಉಳಿಯಿತು ಎಂದು ಖುಷಿಯಾಗುತ್ತಿತ್ತು. ಅಷ್ಟು ಜನ ತುಂಬಿದ ವಿಮಾನ, ಬಸ್ಸಿಗೆ ಕಾಯುತ್ತಿದ್ದವರು, ಇವಳು, ಎಲ್ಲರೂ ಆ ಒಂದು ಖುಷಿಯಿಂದಾಗಿ ಸಾವಿನ ಅಂಚಿನಲ್ಲಿ ನಿಂತಿದ್ದರು.

ಅವಳು ನೋವಿಲ್ಲದ ಕೈಯನ್ನು ಚಾಚಿ ನನ್ನ ಕೈ ಹಿಡಿದಳು. ಹುಬ್ಬೇರಿಸಿ, "ಈಗಲೂ?" ಅಂದಳು.

"ಈಗಲೂ."

"ಮುರಿದ ಭುಜಕ್ಕಾ?"

"ಎರಡೂ ಬ್ರೇಕು ಬಿಟ್ಟೆಯಲ್ಲ, ಅದಕ್ಕೆ. ನನಗೆ ಅದು ಹೊಳೀತಿರ್ಲಿಲ್ಲ. ನಾನು ಒತ್ತಿಬಿಡ್ತಿದ್ದೆ."

ತಾರಿಣಿ ನಗಲು ಹೋಗಿ ಭುಜ ಹಿಡಿದುಕೊಂಡು ನರಳಿದಳು. ನನಗೂ ನಗು ಬಂತು. ಬಾಗಿಲಲ್ಲಿ ಅಮ್ಮ ಇಣುಕಿ ನೋಡಿ ಮತ್ತೆ ಹೊರಗೆ ಹೋದಳು.

ವಾಮನರಾಯರು ಎರಡನೆಯ ಸಭೆ ಕರೆದರು. ಈ ಸಲ ಬೆಣ್ಣೆಗೆ ಕೈ ಚಾಚಿದವಳು ತಾರಿಣಿ. ಒಂದು ತೋಳು ಜೋಲಿಯಲ್ಲಿತ್ತು. ಸೀಟಿನ ಮದ್ದು, ಬಲೆಯಿಲ್ಲದ ರನ್‌ವೇ, ಕುಡಿದು ಮುಗಿಯುವ ಇಂಧನ, ಸಿಗದ ಸಾಮಾನು ಎಲ್ಲವನ್ನೂ ನಿಧಾನವಾಗಿ ಹೇಳಿದಳು. ತಾನು ಬಾಯಿ ಮುಚ್ಚಿಕೊಂಡಿದ್ದನ್ನೂ ಹೇಳಿದಳು, ಕಾರಣ ಮಾತ್ರ ಹೇಳಲಿಲ್ಲ. ಬೆಣ್ಣೆ ಇಟ್ಟ ಹಾಗೇ ಇತ್ತು. ವಾಮನರಾಯರು ತಲೆದೂಗಿದರು. ಹೆಚ್ಚುಕಮ್ಮಿ ನನ್ನ ಮಾತುಗಳೇ ಅವು, ಅದೇ ಕೋಣೆಯಲ್ಲಿ ನಾನು ಹೇಳಿದವು. ಅವಳ ಬಾಯಲ್ಲಿ ಎಷ್ಟು ಚೆನ್ನಾಗಿ ಕೇಳಿಸಿದವು. ಹಿಂದಿನ ಸಾಲಿನಲ್ಲಿ ಕೂತು ನಾನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಪಕ್ಕದಲ್ಲಿದ್ದ ದ್ಯಾವಣ್ಣ ಸ್ವಲ್ಪ ಸರಿದು ಕೂತ.

ಜೆಟ್ಟು ಇನ್ನು ಮೇಲೆ ಪ್ರಯಾಣಿಕರ ನಿಲ್ದಾಣದಲ್ಲಿ ಇರಕೂಡದು ಎಂದು ತೀರ್ಮಾನವಾಯಿತು. ಊರಿನಿಂದ ಆಚೆ, ಉಪ್ಪುನೆಲದ ಮೇಲೆ ಒಂದು ಹಳೆಯ ರನ್‌ವೇ ಇದೆ. ಸುತ್ತ ಮನೆಯಿಲ್ಲ, ದಾರಿಯಿಲ್ಲ. ಜಿನಚಂದ್ರಪ್ಪನವರು ಮುಖ ಕೆಂಪಗೆ ಮಾಡಿಕೊಂಡು ಕೂತಿದ್ದು, ಕೊನೆಗೆ ನನ್ನ ಹತ್ತಿರ ಬಂದರು. "ಬಲೆ ಕಟ್ಟಿಸ್ತೀನಮ್ಮ. ಎಲ್ಲಿ, ಹೇಗೆ ಅಂತ ನೀವೇ ನಿಂತು ಹೇಳ್ಬೇಕು" ಅಂದರು. ಹೇಳಿದೆ. ಮುರಿದದ್ದು ರಿಪೇರಿಯಾಗಿ, ಬ್ರೇಕಿನ ಸಾಮಾನು ಸಿಗುವವರೆಗೂ ವಿಮಾನ ಹಾರಕೂಡದು ಅಂತಲೂ ಹೇಳಿದೆ. ಸಿಗಲು ಒಂದು ಮಳೆಗಾಲ ಕಳೆಯಿತು.

ಮೊದಲ ಹಾರಾಟದ ಬೆಳಿಗ್ಗೆ ಉಪ್ಪುನೆಲದ ಮೇಲೆ ಇದ್ದದ್ದು ನಾವಷ್ಟೇ. ಆಕಾಶ ತೊಳೆದಿಟ್ಟಂತಿತ್ತು. ತಾರಿಣಿ ಭುಜ ತಿರುಗಿಸಿ ನೋಡಿಕೊಂಡು ಏಣಿಯ ಬುಡಕ್ಕೆ ಬಂದಳು. ಕೈಯಲ್ಲಿ ಎರಡು ಹೆಲ್ಮೆಟ್ ಇದ್ದವು.

"ಹಿಂದಿನ ಸೀಟು ಖಾಲಿ ಇದೆ ಅಕ್ಕ. ಹೆಚ್ಚು ಮೇಲೆ ಹೋಗಲ್ಲ. ನಿನ್ನ ಕಿವಿಗೆ ಏನೂ ಆಗಲ್ಲ, ಡಾಕ್ಟರನ್ನ ಕೇಳಿದ್ದೀನಿ."

ಆ ಹೆಲ್ಮೆಟ್ಟನ್ನು ನೋಡಿದೆ. ಅದು ನನಗಾಗಿಯೇ ತಂದದ್ದು, ಒಳಗೆ ಬಲಗಿವಿಯ ಕಡೆಗೆ ಹೆಚ್ಚಿನ ಹತ್ತಿಯ ದಿಂಬು ಹೊಲಿಸಿದ್ದಳು. ಬೇಕು ಅನ್ನುವುದು ಇಷ್ಟೊಂದು ಜೋರಾಗಿ ನನ್ನೊಳಗೆ ಎಂದೂ ಎದ್ದಿರಲಿಲ್ಲ.

"ನಾನು ಮೇಲೆ ಬಂದ್ರೆ ಕೆಳಗೆ ಯಾರಿರ್ತಾರೆ?" ಅಂದೆ.

"ದ್ಯಾವಣ್ಣ ಇದ್ದಾನಲ್ಲ."

"ಅವನು ಗಾಜು ಒಡೀತಾನೆ."

ತಾರಿಣಿ ಇನ್ನೊಂದು ಹೆಲ್ಮೆಟ್ಟನ್ನು ಏಣಿಯ ಪಕ್ಕ ನೆಲದ ಮೇಲಿಟ್ಟು ಹತ್ತಿದಳು. ನಾನು ಹೋಗಿ ಗಾಡಿಯಲ್ಲಿ ಕೂತೆ. ಜೆಟ್ಟು ಬೆಳ್ಳಗಿನ ನೆಲದ ಮೇಲೆ ಓಡಿ, ಮೂತಿ ಎತ್ತಿ, ಹೋಯಿತು. ಆ ಸದ್ದು ಎದೆಯೊಳಗೆ ಹೊಕ್ಕು ಹೊರಬಂತು. ಅವಳು ಮೇಲೆ ಹೋದಷ್ಟೂ ನಾನು ಇಲ್ಲೇ ಇದ್ದೇನೆ ಎನ್ನುವುದು ಗಟ್ಟಿಯಾಗುತ್ತ ಬಂತು.

ದ್ಯಾವಣ್ಣ ಕೇಳಿದ, "ಎಂಜಿನ್ ಆಫ್ ಮಾಡ್ಲಾ ಮೇಡಂ? ಬರೋದು ತಡ ಆಗುತ್ತೆ."

"ಬೇಡ" ಅಂದೆ. "ಅವಳು ಇಳಿಯೋ ತನಕ ಓಡ್ತಾ ಇರ್ಲಿ."